ಮೆಸ್ಸಿನಾದ ಮುಳ್ಳು

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಾಯುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಉರಿಯೂತದ ಈ ನಾಲ್ಕು ಲಕ್ಷಣಗಳು ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್‌ನ ಗ್ರಂಥದಲ್ಲೇ ಇವೆ. ಆದರೆ ಈ ಬಾವು ರೋಗವೇ ಅಥವಾ ರೋಗದೊಡನೆ ದೇಹ ನಡೆಸುವ ಹೋರಾಟವೇ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಇತ್ಯರ್ಥವಾಗಿರಲಿಲ್ಲ.

1867ರಲ್ಲಿ ಜರ್ಮನಿಯ ಜೂಲಿಯಸ್ ಕೋನ್‌ಹೈಮ್ ಕಪ್ಪೆಗಳ ಮೇಲೆ ಪ್ರಯೋಗ ಮಾಡಿ, ಬಿಳಿ ರಕ್ತಕಣಗಳು ನಾಳದ ಗೋಡೆ ದಾಟಿ ಹೊರಬರುವುದನ್ನು ತೋರಿಸಿದರು. ಕೀವಿನಲ್ಲಿರುವುದು ಇವೇ ಕಣಗಳು. ನಾಳದ ಗೋಡೆ ಕೆಟ್ಟದ್ದರಿಂದ ಅವು ಸೋರುತ್ತವೆ ಎಂದು ಅವರು ವಿವರಿಸಿದರು. ಬಿಳಿ ಕಣದೊಳಗೆ ರೋಗಾಣು ಕಂಡರೆ, ಅದು ರೋಗವನ್ನು ಹೊತ್ತು ಮೈತುಂಬ ಹರಡುತ್ತಿದೆ ಎಂದೇ ಹಲವು ವೈದ್ಯರು ತಿಳಿಯುತ್ತಿದ್ದರು.

ಈ ನಂಬಿಕೆಯನ್ನು ಅಲುಗಾಡಿಸಿದ ಇಲ್ಯಾ ಮೆಚ್ನಿಕಾಫ್ ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞರು. ಈಗಿನ ಉಕ್ರೇನಿನಲ್ಲಿ 1845ರಲ್ಲಿ ಹುಟ್ಟಿದವರು. ಮೊದಲ ಹೆಂಡತಿ 1873ರಲ್ಲಿ ಕ್ಷಯದಿಂದ ತೀರಿಕೊಂಡಾಗ ಪ್ರಾಣ ಕಳೆದುಕೊಳ್ಳಲು ಹೋಗಿ ಬದುಕುಳಿದವರು. ಒಡೆಸ್ಸಾ ವಿಶ್ವವಿದ್ಯಾಲಯದ ರಾಜಕೀಯಕ್ಕೆ ಬೇಸತ್ತು 1882ರಲ್ಲಿ ಹುದ್ದೆ ಬಿಟ್ಟು, ಕುಟುಂಬದೊಡನೆ ಸಿಸಿಲಿಯ ಮೆಸ್ಸಿನಾಕ್ಕೆ ಬಂದರು.

ಮುಂದೆ ಅವರೇ ಹೇಳಿಕೊಂಡಂತೆ, ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಒಬ್ಬರೇ ಕುಳಿತು ನಕ್ಷತ್ರಮೀನಿನ ಲಾರ್ವಾವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅದರ ಮೈ ಪಾರದರ್ಶಕ. ಒಳಗೆ ಓಡಾಡುವ ಜೀವಕೋಶಗಳು ಕಾಣುತ್ತಿದ್ದವು. ಇವು ದೇಹದ ಕಾವಲಿಗೆ ಇದ್ದರೆ, ಹೊರಗಿನಿಂದ ಹೊಕ್ಕ ವಸ್ತುವಿನ ಸುತ್ತ ಸೇರಬೇಕಲ್ಲವೇ? ತೋಟದಿಂದ ಗುಲಾಬಿ ಮುಳ್ಳು ತಂದು ಲಾರ್ವಾಗಳಿಗೆ ಚುಚ್ಚಿದರು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ನೋಡಿದರೆ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು.

ಲಾರ್ವಾಕ್ಕೆ ರಕ್ತನಾಳಗಳೇ ಇಲ್ಲ. ನಾಳವಿಲ್ಲದ ಮೇಲೆ ಸೋರುವುದೆಲ್ಲಿಂದ ಬಂತು? ಕೋಶಗಳು ತಾವಾಗಿಯೇ ಹೋಗಿ ಸೇರಿದ್ದವು. ಉರಿಯೂತದ ತಿರುಳು ಈ ಕೋಶಗಳ ಧಾವಿಸುವಿಕೆ. ನಾಳಗಳು ಹಿಗ್ಗುವುದು, ಕೆಂಪಾಗುವುದು ಎಲ್ಲ ಮೇಲಿನ ಪ್ರಾಣಿಗಳಲ್ಲಿ ಆಮೇಲೆ ಸೇರಿಕೊಂಡ ಅನುಕೂಲಗಳು ಎಂದು ಅವರು ವಾದಿಸಿದರು. 1884ರಲ್ಲಿ ಡ್ಯಾಫ್ನಿಯಾ ಎಂಬ ಸಣ್ಣ ನೀರುಜೀವಿಯಲ್ಲಿ ಇಂಥ ಕೋಶಗಳು ಶಿಲೀಂಧ್ರದ ಬೀಜಕಗಳನ್ನು ನುಂಗಿ ಕರಗಿಸುವುದನ್ನೂ, ಅವು ಸೋತಲ್ಲಿ ಡ್ಯಾಫ್ನಿಯಾ ಸಾಯುವುದನ್ನೂ ವರದಿ ಮಾಡಿದರು. ನುಂಗುವ ಈ ಕೋಶಗಳಿಗೆ ಫ್ಯಾಗೊಸೈಟ್ ಎಂಬ ಹೆಸರು ಬಂತು.

ವಿರೋಧ ಜೋರಾಗಿತ್ತು. 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ ಡಿಫ್ತೀರಿಯಾ, ಧನುರ್ವಾಯುಗಳ ವಿಷವನ್ನು ರಕ್ತದ್ರವವೇ ಅಡಗಿಸುತ್ತದೆಂದು ತೋರಿಸಿದ ಮೇಲಂತೂ, ರಕ್ಷಣೆ ದ್ರವದಲ್ಲಿದೆ, ಕೋಶಗಳಲ್ಲಿಲ್ಲ ಎನ್ನುವವರ ಕೈ ಮೇಲಾಯಿತು. ಆ ಹೊತ್ತಿಗೆ ಮೆಚ್ನಿಕಾಫ್ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದರು. 1891ರಲ್ಲಿ ಅಲ್ಲಿ ಉರಿಯೂತದ ಬಗ್ಗೆ ಉಪನ್ಯಾಸ ಮಾಲೆ ನೀಡಿದರು. ಮರುವರ್ಷ ಅದು ಪುಸ್ತಕವಾಯಿತು. 1908ರ ನೊಬೆಲ್ ಬಹುಮಾನವನ್ನು ಅವರಿಗೂ ದ್ರವದ ಪಕ್ಷದ ಪಾಲ್ ಎರ್ಲಿಕ್ ಅವರಿಗೂ ಹಂಚಿ ಕೊಡಲಾಯಿತು. ಇಬ್ಬರೂ ಸರಿ ಎಂಬುದು ಈಗ ಗೊತ್ತಿದೆ.

ಮುಂಬಯಿಯ ಓದುಗರಿಗೆ ಈ ಕಥೆಯ ಒಂದು ಕವಲು ಪರಿಚಿತ. ಒಡೆಸ್ಸಾದಲ್ಲಿ ಮೆಚ್ನಿಕಾಫ್ ಅವರ ಶಿಷ್ಯರಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್, ಗುರುವಿನ ಹಿಂದೆಯೇ ಪ್ಯಾರಿಸ್ಸಿಗೆ ಹೋಗಿ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. 1896ರಲ್ಲಿ ಪ್ಲೇಗು ಬಂದಾಗ ಮುಂಬಯಿಗೆ ಬಂದು ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಪರೇಲಿನ ಹಾಫ್‌ಕಿನ್ ಸಂಸ್ಥೆ ಅವರ ಹೆಸರಿನದೇ.

ಮೆಚ್ನಿಕಾಫ್ ಕಂಡ ಕಾವಲುಗಾರರು ಕೆಲವೊಮ್ಮೆ ಮನೆಯನ್ನೇ ಹಾಳುಗೆಡವುತ್ತಾರೆ. ರುಮಟಾಯ್ಡ್ ಸಂಧಿವಾತದಲ್ಲಿ ಮುಳ್ಳೂ ಇಲ್ಲ, ರೋಗಾಣುವೂ ಇಲ್ಲ. ಆದರೂ ಕೀಲುಗಳಲ್ಲಿ ಉರಿಯೂತ ಆರುವುದಿಲ್ಲ. ಅದನ್ನು ತಣಿಸಲು ಟಿಎನ್‌ಎಫ್ ಎಂಬ ಸಂದೇಶವಾಹಕ ಪ್ರೋಟೀನನ್ನು ತಡೆಯುವ ಔಷಧಿಗಳಿವೆ. ಇವನ್ನು ಕೊಡುವ ಮೊದಲು ವೈದ್ಯರು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಎಷ್ಟೋ ಜನರ ದೇಹದಲ್ಲಿ ಕ್ಷಯದ ರೋಗಾಣು ಮಲಗಿರುತ್ತದೆ. ಅದನ್ನು ಸುತ್ತುವರಿದು ಬಂಧಿಸಿಟ್ಟಿರುವುದು ಇದೇ ನುಂಗುವ ಕೋಶಗಳ ಗುಂಪು. ಔಷಧಿಯಿಂದ ಆ ಪಹರೆ ಸಡಿಲವಾದರೆ ಕ್ಷಯ ಮತ್ತೆ ಏಳಬಹುದು. ಕೀಲುನೋವಿಗೆ ಬಂದವರ ಎದೆಯ ಎಕ್ಸ್‌ರೇ ತೆಗೆಸುವುದು ಅದಕ್ಕಾಗಿ.