ಕೊಂಡವರಿಗೆ ದಕ್ಕದ ಆಸ್ತಿ

ಪತ್ರಿಕೆಯೊಂದರ ಒಡೆತನ ಬದಲಾದಾಗ ಮುದ್ರಣಯಂತ್ರ, ಕಟ್ಟಡ, ಏಜೆಂಟರ ಜಾಲ, ಕೊನೆಗೆ ಅದರ ಹೆಸರೂ ಹೊಸಬರ ಪಾಲಾಗುತ್ತದೆ. ಬರೆಯುವವರನ್ನು ಮಾತ್ರ ಹಾಗೆ ಬರೆಸಿಕೊಳ್ಳಲಾಗದು. ಇಂದು ಯೂಟ್ಯೂಬ್ ಚಾನೆಲ್‌ಗಳನ್ನು ಕೊಳ್ಳುತ್ತಿರುವ ಬಂಡವಾಳಗಾರರು ಕಲಿಯುತ್ತಿರುವ ಈ ಪಾಠ ಪತ್ರಿಕೋದ್ಯಮಕ್ಕೆ ಹಳೆಯದು.

ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರ ಅವರು 1999ರಲ್ಲಿ ಆರಂಭಿಸಿದ `ವಿಜಯ ಕರ್ನಾಟಕ'ವನ್ನು 2006ರಲ್ಲಿ ಟೈಮ್ಸ್ ಸಮೂಹ ಕೊಂಡಿತು. ಆಗ ಅದರ ಸಂಪಾದಕರಾಗಿದ್ದವರು ವಿಶ್ವೇಶ್ವರ ಭಟ್. ಓಂ ಬೀಚ್‌ನಿಂದಾಗಿ ಹೊರನಾಡಿನವರಿಗೂ ಪರಿಚಿತವಾಗಿರುವ ಕುಮಟಾ ತಾಲ್ಲೂಕಿನ ಮೂರೂರಿನವರು. 2010ರ ಕೊನೆಯಲ್ಲಿ ಅವರು ಪತ್ರಿಕೆ ಬಿಟ್ಟು, ಮರುವರ್ಷ `ಕನ್ನಡಪ್ರಭ' ಸೇರಿದರು. 2016ರಲ್ಲಿ `ವಿಶ್ವವಾಣಿ'ಯನ್ನು ತಮ್ಮದೇ ಪತ್ರಿಕೆಯಾಗಿ ಹೊರತಂದರು. ಪತ್ರಿಕೆ ಮಾರಿದ ಸಂಕೇಶ್ವರರೂ ಸುಮ್ಮನೆ ಕೂರಲಿಲ್ಲ. 2012ರಲ್ಲಿ `ವಿಜಯವಾಣಿ'ಯೊಂದಿಗೆ ಮರಳಿ ಕಣಕ್ಕಿಳಿದರು.

ಭಟ್ಟರ ನಿರ್ಗಮನವನ್ನು ಮಾರಾಟವೊಂದಕ್ಕೇ ತಳಕು ಹಾಕುವಂತಿಲ್ಲ. ಹೊಸ ಒಡೆತನದಲ್ಲೂ ಅವರು ನಾಲ್ಕು ವರ್ಷ ಸಂಪಾದಕರಾಗಿದ್ದರು. ಆದರೆ ಲಂಡನ್ನಿನ ಕಥೆ ಬೇರೆ. 1981ರಲ್ಲಿ ರೂಪರ್ಟ್ ಮುರ್ಡೋಕ್ `ದಿ ಟೈಮ್ಸ್' ಕೊಂಡು ಹೆರಾಲ್ಡ್ ಇವಾನ್ಸ್‌ರನ್ನು ಸಂಪಾದಕರನ್ನಾಗಿಸಿದರು. ಒಂದೇ ವರ್ಷದಲ್ಲಿ, ಸಂಪಾದಕೀಯ ಸ್ವಾತಂತ್ರ್ಯದ ಜಗಳದಲ್ಲಿ, ಇವಾನ್ಸ್ ರಾಜೀನಾಮೆ ಕೊಟ್ಟರು.

ಅಂತರ್ಜಾಲದಲ್ಲೂ ಇದೇ ನಡೆಯಿತು. ಅಮೆರಿಕದ ಇಬ್ಬರು ಗೆಳೆಯರು 2005ರಲ್ಲಿ ಕಟ್ಟಿದ `ಸ್ಮಾಶ್' ಎಂಬ ಹಾಸ್ಯ ತಂಡ 2011ರಲ್ಲಿ ಮಾರಾಟವಾಯಿತು. ಸೃಜನಸ್ವಾತಂತ್ರ್ಯ ಉಳಿದಿಲ್ಲವೆಂದು ಆಂಟನಿ ಪಡಿಲ್ಲಾ 2017ರಲ್ಲಿ ಹೊರನಡೆದರು. ಮರುವರ್ಷ ಒಡೆಯ ಕಂಪೆನಿಯೇ ಬಾಗಿಲು ಮುಚ್ಚಿತು. ತಂಡ ಮತ್ತೊಂದು ಕಂಪೆನಿಯ ಕೈಸೇರಿ, 2023ರಲ್ಲಿ ಹಳೆಯ ಗೆಳೆಯರೇ ಅದನ್ನು ಮರಳಿ ಕೊಂಡರು.

ಏಕೆ ಹೀಗೆ? ಕೊಂಡವರಿಗೆ ಹಾಕಿದ ಹಣ ಬೇಗ ಹಿಂದಿರುಗಬೇಕು. ಅದಕ್ಕಾಗಿ ಜಾಹೀರಾತು ಹೆಚ್ಚುತ್ತದೆ, ವಾರಕ್ಕೊಂದಿದ್ದದ್ದು ಮೂರಾಗುತ್ತದೆ. ನಿನ್ನೆ ತಾನೇ ತೀರ್ಮಾನಿಸುತ್ತಿದ್ದವನು ಇಂದು ಒಪ್ಪಿಗೆಗಾಗಿ ಕಾಯುತ್ತಾನೆ. ಹೀಗಾಗಬಹುದೆಂದು ಬಲ್ಲ ಖರೀದಿದಾರರು ಇಷ್ಟು ವರ್ಷ ಬಿಡಬಾರದು, ಪೈಪೋಟಿಗಿಳಿಯಬಾರದು ಎಂದು ಕರಾರು ಹಾಕುವುದುಂಟು. ಬೆಲೆಯ ಒಂದು ಪಾಲನ್ನು ತಡೆಹಿಡಿಯುವುದೂ ಉಂಟು. ಅವಧಿ ಮುಗಿದೊಡನೆ ಕಟ್ಟೂ ಸಡಿಲ. ಹೊರಡುವುದು ಈಗ ಸುಲಭವೂ ಹೌದು: ಪತ್ರಿಕೆಗೆ ಅಚ್ಚುಕೂಟ ಬೇಕು, ಚಾನೆಲ್ಲಿಗೆ ಒಂದು ಮೊಬೈಲ್ ಸಾಕು. ಅದಾನಿ ಸಮೂಹ ಎನ್‌ಡಿಟಿವಿಯನ್ನು ವಶಕ್ಕೆ ಪಡೆಯುತ್ತಿದ್ದ 2022ರಲ್ಲಿ ರಾಜೀನಾಮೆ ಕೊಟ್ಟ ರವೀಶ್ ಕುಮಾರ್ ಯೂಟ್ಯೂಬನ್ನೇ ವೇದಿಕೆ ಮಾಡಿಕೊಂಡರು.

ಆದರೂ ನಿರ್ಗಮನವೆಂದರೆ ಸಂಸ್ಥೆಯ ಅವಸಾನವಲ್ಲ. `ವಿಜಯ ಕರ್ನಾಟಕ' ಇಂದಿಗೂ ಮನೆಮನೆಗೆ ಬರುತ್ತಿದೆ. ಹೆಸರಿದ್ದವರು ಓದುಗರನ್ನು ಕರೆದುಕೊಂಡು ಹೋಗಬಲ್ಲರು. ಪುಟ ಕಟ್ಟುವವರು, ಕರಡು ತಿದ್ದುವವರು, ಕ್ಯಾಮೆರಾ ಹಿಡಿಯುವವರಿಗೆ ಆ ಭಾಗ್ಯವಿಲ್ಲ. ಒಡೆಯರು ಯಾರೇ ಬರಲಿ, ಸಂಸ್ಥೆ ನಡೆಯುವುದು ಉಳಿದುಕೊಳ್ಳುವ ಈ ಹೆಸರಿಲ್ಲದವರಿಂದಲೇ.