ಹೊಸ್ತಿಲು ದಾಟಿದ ಸೈನ್ಯ: ಪ್ಲೇಗಿನಿಂದ ಕೋವಿಡ್‌ವರೆಗೆ

ಸಾಂಕ್ರಾಮಿಕ ರೋಗವೊಂದು ಊರಿಂದೂರಿಗೆ ಹಬ್ಬತೊಡಗಿದಾಗ ಸರ್ಕಾರಕ್ಕೆ ಔಷಧಿಗಿಂತ ಮೊದಲು ಆಳುಗಳ ಕೊರತೆ ಕಾಣಿಸಿಕೊಳ್ಳುತ್ತದೆ. ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ನೂರಾರು ಸಂಖ್ಯೆಯಲ್ಲಿ ಬಂದು, ಊಟ, ಡೇರೆ, ವಾಹನ, ವೈದ್ಯರು ಎಲ್ಲವನ್ನೂ ತನ್ನ ಜೊತೆಯಲ್ಲೇ ತರಬಲ್ಲ ಸಂಸ್ಥೆ ಸೈನ್ಯವೊಂದೇ ಆಗಿರುವುದರಿಂದ, ಭಾರತದಲ್ಲಿ 19ನೆಯ ಶತಮಾನದ ಕೊನೆಯಿಂದ ಇಂದಿನವರೆಗೆ ದೊಡ್ಡ ಪಿಡುಗು ಬಂದಾಗ ಹಲವು ಬಾರಿ ಆಡಳಿತಗಾರರ ಕಣ್ಣು ಅದರ ಕಡೆಗೆ ಹೊರಳಿದೆ. ಆದರೆ ಕರೆಸಿದ ಸೈನ್ಯಕ್ಕೆ ಯಾವ ಕೆಲಸವನ್ನು ಒಪ್ಪಿಸಲಾಯಿತು, ಜನರ ಮನೆಯ ಹೊಸ್ತಿಲಿನ ಯಾವ ಬದಿಯಲ್ಲಿ ಅದನ್ನು ನಿಲ್ಲಿಸಲಾಯಿತು ಎಂಬುದರ ಮೇಲೆ ಆ ನೆರವಿನ ಫಲ ನಿಂತಿತ್ತು ಎಂಬುದಕ್ಕೆ 1897ರ ಪುಣೆ ಮತ್ತು 2020–21ರ ಭಾರತ ಎಂಬ ಎರಡು ಸಂದರ್ಭಗಳು ಸಾಕಷ್ಟು ಸಾಕ್ಷ್ಯ ಒದಗಿಸುತ್ತವೆ.

ಪುಣೆಯಲ್ಲಿ ನಡೆದದ್ದಕ್ಕೆ ಮಾದರಿ ಹಾಂಗ್‌ಕಾಂಗಿನಲ್ಲಿತ್ತು. 1894ರಲ್ಲಿ ಅಲ್ಲಿ ಪ್ಲೇಗು ಕಾಣಿಸಿಕೊಂಡಾಗ ಬ್ರಿಟಿಷ್ ಆಡಳಿತವು ಶ್ರಾಪ್‌ಶೈರ್ ದಳದ ಸೈನಿಕರನ್ನು ಚೀನೀಯರು ಒತ್ತೊತ್ತಾಗಿ ವಾಸಿಸುತ್ತಿದ್ದ ತೈಪಿಂಗ್‌ಶಾನ್ ಕೇರಿಗಳಿಗೆ ಕಳುಹಿಸಿ, ಮನೆಗಳನ್ನು ಶೋಧಿಸಿ ತೊಳೆದು ಸುಣ್ಣ ಬಳಿಯುವ ಕೆಲಸಕ್ಕೆ ಹಚ್ಚಿತು; ಬಂದೂಕಿನ ಬದಲು ಕುಂಚ ಹಿಡಿದ ಈ ತಂಡಕ್ಕೆ ಸುಣ್ಣದ ಪಡೆ ಎಂಬ ಅಡ್ಡಹೆಸರೂ ಅಂಟಿಕೊಂಡಿತು. ಎರಡು ವರ್ಷದ ಬಳಿಕ, 1896ರ ಸೆಪ್ಟೆಂಬರಿನಲ್ಲಿ, ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅದೇ ರೋಗವನ್ನು ಗುರುತಿಸಿದರು. 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಜಾರಿಗೆ ಬಂತು. ಕೇವಲ ನಾಲ್ಕು ಕಲಮುಗಳ ಈ ಪುಟ್ಟ ಕಾನೂನು ಸರ್ಕಾರಕ್ಕೆ ತನಗೆ ಅಗತ್ಯವೆಂದು ತೋರಿದ ಯಾವುದೇ ತಾತ್ಕಾಲಿಕ ನಿಯಮವನ್ನು ಹೇರುವ ಅಧಿಕಾರವನ್ನು ಕೊಟ್ಟಿತು. ಅದರ ಕೊನೆಯ ಕಲಮು, ಕಾಯ್ದೆಯ ಹೆಸರಿನಲ್ಲಿ ಸದ್ಭಾವನೆಯಿಂದ ಕೆಲಸ ಮಾಡಿದವರ ಮೇಲೆ ದಾವೆ ಹೂಡದಂತೆ ರಕ್ಷಣೆ ಒದಗಿಸಿತು. ಅಧಿಕಾರಿಯ ಕೈಗೆ ಎಷ್ಟು ಬಲ ಬಂದಿತ್ತೆಂದು ತಿಳಿಯಲು ಆ ಕೊನೆಯ ಕಲಮೊಂದನ್ನು ಓದಿದರೆ ಸಾಕು.

ಇದೇ ಬಲದ ಮೇಲೆ ಪುಣೆಯಲ್ಲಿ ರಚನೆಯಾದ ಪ್ಲೇಗ್ ಸಮಿತಿಗೆ ಐ.ಸಿ.ಎಸ್. ಅಧಿಕಾರಿ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಅಧ್ಯಕ್ಷನಾದ. ಡರ್ಹಮ್ ಲೈಟ್ ಇನ್‌ಫೆಂಟ್ರಿ ಎಂಬ ಕಾಲಾಳು ದಳದ ಮೇಜರ್ ಪ್ಯಾಜೆಟ್‌ನ ನೇತೃತ್ವದಲ್ಲಿ ಬ್ರಿಟಿಷ್ ಮತ್ತು ದೇಶೀ ಪಡೆಗಳ ಒಟ್ಟು 893 ಅಧಿಕಾರಿಗಳು ಮತ್ತು ಸೈನಿಕರನ್ನು ಪ್ಲೇಗ್ ಕೆಲಸಕ್ಕೆ ನೇಮಿಸಲಾಯಿತು. 1897ರ ಮಾರ್ಚಿ 13ರಿಂದ ಮೇ 19ರವರೆಗೆ ನಡೆದ ಈ ಕಾರ್ಯಾಚರಣೆಯಲ್ಲಿ ಸೈನಿಕರು ಪೇಟೆಯ ಬೀದಿಗಳನ್ನು ಸರದಿಯಂತೆ ಸುತ್ತುವರಿದು, ಮನೆಯೊಳಗೆ ಹೊಕ್ಕು, ರೋಗಿಗಳನ್ನು ಆಸ್ಪತ್ರೆಗೂ ಅವರ ಮನೆಯವರನ್ನು ಪ್ರತ್ಯೇಕವಾಸದ ಶಿಬಿರಕ್ಕೂ, ಅಂದರೆ ಸೋಂಕು ತಗುಲಿರಬಹುದಾದವರನ್ನು ಊರಿನಿಂದ ದೂರವಿಡುವ ಕಾವಲಿನ ಬಿಡಾರಕ್ಕೂ, ಸಾಗಿಸುತ್ತಿದ್ದರು. ಆಮೇಲೆ ನೆಲವನ್ನು ಅಗೆದು, ಗೋಡೆಗೆ ಸುಣ್ಣ ಬಳಿದು, ಹಾಸಿಗೆ ಬಟ್ಟೆಗಳನ್ನು ಸುಟ್ಟುಹಾಕುವ ಕೆಲಸ ನಡೆಯುತ್ತಿತ್ತು. ದೇಶೀ ನೌಕರರು ಲಂಚ ತಿಂದು ರೋಗಿಗಳನ್ನು ಬಚ್ಚಿಡಬಹುದು, ಬ್ರಿಟಿಷ್ ಸೈನಿಕನಾದರೆ ಶಿಸ್ತಿನಿಂದ ಕೆಲಸ ಮುಗಿಸುತ್ತಾನೆ ಎಂಬ ನಂಬಿಕೆ ಈ ಆಯ್ಕೆಯ ಹಿಂದಿತ್ತು. ಆ ನಂಬಿಕೆಯಲ್ಲಿ ಒಂದಿಷ್ಟು ಹುರುಳಿದ್ದರೂ, ಶಿಸ್ತಿನವನಾದ ಮಾತ್ರಕ್ಕೆ ಸೈನಿಕನಿಗೆ ಮನೆಯ ಮರ್ಯಾದೆ ತಿಳಿದಿರುತ್ತದೆ ಎಂದು ಭಾವಿಸಿದ್ದು ಸಮಿತಿಯ ದೊಡ್ಡ ತಪ್ಪು. ಬೂಟು ಕಳಚದೆ ಅಡುಗೆಮನೆಗೂ ದೇವರ ಕೋಣೆಗೂ ನುಗ್ಗಿದವನ ಭಾಷೆ ಮನೆಯವರಿಗೆ ತಿಳಿಯುತ್ತಿರಲಿಲ್ಲ, ಮನೆಯವರ ಭಾಷೆ ಅವನಿಗೆ ತಿಳಿಯುತ್ತಿರಲಿಲ್ಲ. ಕಂಕುಳು ತೊಡೆಸಂದುಗಳಲ್ಲಿ ಗಡ್ಡೆ ಏಳುವುದೇ ಈ ರೋಗದ ಮುಖ್ಯ ಲಕ್ಷಣವಾಗಿದ್ದರಿಂದ ತಪಾಸಣೆಯೆಂಬುದು ಮೈಮುಟ್ಟಿ ನೋಡುವ ಕೆಲಸವಾಯಿತು. ಹೆಂಗಸರ ವಿಷಯದಲ್ಲಿ ಎದ್ದ ದೂರುಗಳು ಊರನ್ನೇ ಕೆರಳಿಸಿದವು.

ವಿಪರ್ಯಾಸವೆಂದರೆ ಈ ಶ್ರಮದ ಬಹುಭಾಗ ರೋಗದ ಬೇರನ್ನೇ ಮುಟ್ಟಿರಲಿಲ್ಲ. ಇಲಿಯ ಮೈಮೇಲಿನ ಚಿಗಟ ಪ್ಲೇಗನ್ನು ಹರಡುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್ ಕಂಡುಕೊಂಡದ್ದು ಮರುವರ್ಷ, 1898ರಲ್ಲಿ. ವೈದ್ಯಲೋಕ ಅದನ್ನು ಒಪ್ಪಿದ್ದು ಇನ್ನೂ ತಡವಾಗಿ. ಮಣ್ಣಿನಲ್ಲಿ, ಬಟ್ಟೆಯಲ್ಲಿ, ಕೊಳೆಯಲ್ಲಿ ರೋಗ ಅಡಗಿದೆಯೆಂಬ ಊಹೆಯ ಮೇಲೆ ಸೈನ್ಯ ನೆಲ ಅಗೆಯುತ್ತಿದ್ದಾಗ ಇಲಿಗಳು ಪಕ್ಕದ ಬೀದಿಗೆ ದಾಟಿಕೊಳ್ಳುತ್ತಿದ್ದವು. ಮೇ ತಿಂಗಳ ಕೊನೆಗೆ ಪುಣೆಯಲ್ಲಿ ಸಾವುಗಳು ತಗ್ಗಿದ್ದು ನಿಜವಾದರೂ, ಬೇಸಿಗೆಯ ಬಿಸಿಲಿಗೆ ಪ್ಲೇಗು ತಾನಾಗಿ ತಗ್ಗುವುದುಂಟು ಎಂಬುದು ಮುಂದಿನ ವರ್ಷಗಳ ಅನುಭವದಿಂದ ಸ್ಪಷ್ಟವಾದದ್ದರಿಂದ, ಆ ಯಶಸ್ಸನ್ನು ಇಡಿಯಾಗಿ ಸಮಿತಿಯ ಖಾತೆಗೆ ಬರೆಯುವುದು ಕಷ್ಟ.

ಬಾಲಗಂಗಾಧರ ತಿಲಕರ ‘ಕೇಸರಿ’ ಪತ್ರಿಕೆ ಈ ಶೋಧಗಳನ್ನು ಕಟುವಾಗಿ ಟೀಕಿಸಿತು. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಔತಣ ಮುಗಿಸಿ ಗಣೇಶಖಿಂಡದ ಸರ್ಕಾರಿ ಭವನದಿಂದ ಹಿಂದಿರುಗುತ್ತಿದ್ದ ರ‍್ಯಾಂಡ್ ಮತ್ತು ಅವನ ಬೆಂಗಾವಲಿನ ಲೆಫ್ಟಿನೆಂಟ್ ಐಯರ್ಸ್ಟ್ ಮೇಲೆ, ಈ ಶೋಧಗಳಿಂದ ಕೆರಳಿದ್ದ ಪುಣೆಯ ಚಾಪೇಕರ್ ಸಹೋದರರ ಗುಂಪು ಗುಂಡು ಹಾರಿಸಿತು. ಐಯರ್ಸ್ಟ್ ಸ್ಥಳದಲ್ಲೇ, ರ‍್ಯಾಂಡ್ ಜುಲೈ 3ರಂದು ಸತ್ತರು.  ದಾಮೋದರ ಚಾಪೇಕರ್ ಗಲ್ಲಿಗೇರಿದರು, ತಿಲಕರು ರಾಜದ್ರೋಹದ ಆರೋಪದ ಮೇಲೆ 18 ತಿಂಗಳ ಸೆರೆವಾಸಕ್ಕೆ ಗುರಿಯಾದರು. ಸರ್ಕಾರದ ಧೋರಣೆಯೂ ಇದರಿಂದ ನಿಧಾನವಾಗಿ ಬದಲಾಯಿತು: ಬಲವಂತದ ಶೋಧ ಜನರಿಗೆ ರೋಗಿಗಳನ್ನು ಬಚ್ಚಿಡಲು ಕಲಿಸುತ್ತದೆ, ಬಚ್ಚಿಟ್ಟ ರೋಗಿಯಿಂದ ಲೆಕ್ಕವೂ ತಪ್ಪುತ್ತದೆ, ತಡೆಯೂ ತಪ್ಪುತ್ತದೆ ಎಂಬ ಅರಿವು ಅಧಿಕಾರಿಗಳಲ್ಲಿ ಮೂಡತೊಡಗಿತು.

ಕನ್ನಡ ನಾಡಿಗೆ ಪ್ಲೇಗು ಬಂದಾಗ ಈ ಪಾಠ ಅರ್ಧ ಮಾತ್ರ ತಲೆಗೆ ಹತ್ತಿತ್ತು. 1898ರಲ್ಲಿ ಹುಬ್ಬಳ್ಳಿಯನ್ನು ರೋಗ ಹಣ್ಣು ಮಾಡಿತು. ಆದರೆ ವಿಜ್ಞಾನಿ ಹಾಫ್‌ಕಿನ್‌ರ ಪ್ಲೇಗ್ ಲಸಿಕೆಯನ್ನು ಸಾವಿರಾರು ಜನ ಚುಚ್ಚಿಸಿಕೊಂಡದ್ದರಿಂದ ಆ ಊರಿನ ಹೆಸರು ಲಸಿಕೆಯ ಚರಿತ್ರೆಯಲ್ಲೂ ಉಳಿಯಿತು. ಆಗಸ್ಟಿನಲ್ಲಿ ರೋಗ ರೈಲು ಹಿಡಿದು ಬೆಂಗಳೂರಿಗೆ ಬಂತು. ಅಲ್ಲಿನ ಆಡಳಿತವೇ ಎರಡು ಹೋಳು: ದಂಡು ಎಂದು ಜನ ಕರೆಯುತ್ತಿದ್ದ ಕಂಟೋನ್ಮೆಂಟ್ ಪ್ರದೇಶ ಬ್ರಿಟಿಷರ ಕೈಯಲ್ಲಿ, ಪೇಟೆ ಮೈಸೂರು ಸರ್ಕಾರದ ಕೈಯಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದ ಕಡೆ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೂ ಆಯಿತು. ಜನರ ವಿವೇಕ ಮಾತ್ರ ತನ್ನದೇ ದಾರಿ ಹಿಡಿಯಿತು: ಮನೆಯಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿಕೊಳ್ಳುವ ರೂಢಿ ಹಳ್ಳಿಹಳ್ಳಿಗೂ ಹಬ್ಬಿತು, ಯಾವ ಸಿಪಾಯಿಯೂ ಬಂದು ಹೇಳಬೇಕಾಗಿರಲಿಲ್ಲ. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೇಗ ತುಂಬಿದ್ದರ ಹಿಂದೆಯೂ ಇದೇ ಭಯವಿತ್ತು.

1918ರ ಇನ್‌ಫ್ಲುಯೆಂಜಾ ಸಂದರ್ಭದಲ್ಲಿ ಸೈನ್ಯ ರೋಗದ ವಾಹಕವೂ ಆಯಿತು. ಮೊದಲ ಮಹಾಯುದ್ಧದ ಸೈನಿಕರನ್ನು ಹೊತ್ತ ಹಡಗುಗಳು ಬಂದು ನಿಲ್ಲುತ್ತಿದ್ದ ಮುಂಬಯಿ ಬಂದರಿನಲ್ಲಿ ಕಾವಲಿದ್ದ ಪೊಲೀಸರು ಜೂನ್‌ನಲ್ಲಿ ಜ್ವರದಿಂದ ಮಲಗಿದರು; ವೈದ್ಯರಲ್ಲಿ ಬಹಳಷ್ಟು ಮಂದಿ ಅದೇ ಯುದ್ಧಕ್ಕೆ ಹೋಗಿದ್ದರು. ಒಂದು ಕೋಟಿಗೂ ಮೀರಿದ ಜನ ಸತ್ತ ಆ ಪಿಡುಗಿನಲ್ಲಿ ಸೈನ್ಯದಿಂದ ನೆರವು ನಿರೀಕ್ಷಿಸುವ ಪ್ರಶ್ನೆಯೇ ಇರಲಿಲ್ಲ.

ಸ್ವತಂತ್ರ ಭಾರತದ ಸಂವಿಧಾನವು ಸಾರ್ವಜನಿಕ ಆರೋಗ್ಯವನ್ನು ರಾಜ್ಯಗಳ ಪಟ್ಟಿಯಲ್ಲೂ, ನಾಗರಿಕ ಆಡಳಿತದ ನೆರವಿಗೆ ಸಶಸ್ತ್ರ ಪಡೆಗಳನ್ನು ಕಳುಹಿಸುವ ಅಧಿಕಾರವನ್ನು ಕೇಂದ್ರದ ಪಟ್ಟಿಯಲ್ಲೂ ಇರಿಸಿದೆ. ಹೀಗಾಗಿ 2020ರಲ್ಲಿ ಕೋವಿಡ್ ಬಂದಾಗ ಮನೆ ಸೀಲ್‌ಡೌನ್ ಮಾಡುವುದು, ಸಂಪರ್ಕಿತರನ್ನು ಹುಡುಕುವುದು ಪೊಲೀಸರು, ಆಶಾ ಕಾರ್ಯಕರ್ತೆಯರು ಮತ್ತು ಪಾಲಿಕೆಗಳ ಪಾಲಿಗೆ ಬಂತು. 1897ರ ಅದೇ ಕಾಯ್ದೆ ಮತ್ತೆ ಜಾರಿಯಾದರೂ ಸೈನ್ಯ ಹೊಸ್ತಿಲಾಚೆಯೇ ಉಳಿಯಿತು. ವುಹಾನ್‌ನಿಂದ ಬಂದವರಿಗೆ ಮಾನೇಸರದಲ್ಲಿ ಸೈನ್ಯ ಕ್ವಾರಂಟೈನ್ ಶಿಬಿರ ನಡೆಸಿತು. ಸಮುದ್ರ ಸೇತು ಎಂಬ ಕಾರ್ಯಾಚರಣೆಯಲ್ಲಿ ಜಲಾಶ್ವ, ಐರಾವತ, ಶಾರ್ದೂಲ, ಮಗರ್ ನೌಕೆಗಳು 2020ರ ಮೇ ತಿಂಗಳಿಂದ ಜುಲೈವರೆಗೆ ಮಾಲ್ಡೀವ್ಸ್, ಶ್ರೀಲಂಕಾ, ಇರಾನ್‌ಗಳಿಂದ 3,992 ಭಾರತೀಯರನ್ನು ಕರೆತಂದವು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮೇಲೆ ಹೂಮಳೆ ಸುರಿಸಿತು. ಪಿಪಿಇ ಕಿಟ್‌ಗಾಗಿ ಪರದಾಡುತ್ತಿದ್ದ ಕಾಲದಲ್ಲಿ ಹೂವಿನ ಅಗತ್ಯವೇನಿತ್ತು ಎಂಬ ಟೀಕೆಯೂ ದೇಶದಲ್ಲಿ ಕೇಳಿಬಂತು, ಅದರಲ್ಲಿ ನ್ಯಾಯವೂ ಇತ್ತು.

ಹೂವಿಗಿಂತ ಗಟ್ಟಿಯಾದ ಸೇವೆ 2021ರ ಎರಡನೆಯ ಅಲೆಯಲ್ಲಿ ನಡೆಯಿತು. ಆಮ್ಲಜನಕ ತಯಾರಾಗುತ್ತಿದ್ದ ಉಕ್ಕಿನ ಕಾರ್ಖಾನೆಗಳಲ್ಲಿ ಹೆಚ್ಚಿನವು ಪೂರ್ವದ ರಾಜ್ಯಗಳಲ್ಲಿದ್ದವು, ಅದಕ್ಕಾಗಿ ಹಾಹಾಕಾರ ಎದ್ದಿದ್ದ ದೆಹಲಿಯಂಥ ನಗರಗಳು ಬಹುದೂರದಲ್ಲಿದ್ದವು. ಮೈನಸ್ 183 ಡಿಗ್ರಿಯಲ್ಲಿ ದ್ರವವಾಗುವ ಆಮ್ಲಜನಕವನ್ನು ತುಂಬಿದ ಟ್ಯಾಂಕರನ್ನು ವಿಮಾನದಲ್ಲಿ ಒಯ್ಯುವುದು ಅಪಾಯವಾದ್ದರಿಂದ ವಾಯುಪಡೆಯು ಸಿ–17 ವಿಮಾನಗಳಲ್ಲಿ ಖಾಲಿ ಟ್ಯಾಂಕರ್‌ಗಳನ್ನು ಕಾರ್ಖಾನೆಗಳ ಹತ್ತಿರಕ್ಕೆ ಸಾಗಿಸಿತು. ತುಂಬಿದ ಟ್ಯಾಂಕರ್‌ಗಳು ರೈಲಿನಲ್ಲಿ, ರಸ್ತೆಯಲ್ಲಿ ಮರಳಿದವು. ಹೋಗುವ ದಾರಿಯ ದಿನಗಳು ಗಂಟೆಗಳಿಗೆ ಇಳಿದದ್ದೇ ಇಲ್ಲಿನ ಉಳಿತಾಯ. ಮೇ 5ರಂದು ಐಎನ್‌ಎಸ್ ತಲ್ವಾರ್ ಬಹರೈನ್‌ನಿಂದ ಎರಡು ದ್ರವ ಆಮ್ಲಜನಕದ ಟ್ಯಾಂಕುಗಳನ್ನು ಹೊತ್ತು ನವಮಂಗಳೂರು ಬಂದರಿಗೆ ಬಂತು. ಅದರ ಬೆನ್ನಿಗೆ ಕುವೈತ್ ಕಡೆಯಿಂದಲೂ ನೌಕೆಗಳು ಬಂದವು. ತೇಜಸ್ ಯುದ್ಧವಿಮಾನದ ಪೈಲಟ್‌ಗೆ ಉಸಿರಾಡಲು ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಉಪಕರಣವನ್ನು ರೂಪಿಸಿದ್ದ ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಡೆಬೆಲ್, ಅದೇ ತಂತ್ರವನ್ನು ಆಸ್ಪತ್ರೆಗಳಿಗೆ ಹಿಗ್ಗಿಸಿ ಕಂಪನಿಗಳಿಗೆ ಹಸ್ತಾಂತರಿಸಿತು. ನಿಮಿಷಕ್ಕೆ 1,000 ಲೀಟರ್ ಆಮ್ಲಜನಕ ಕೊಡುವ ಈ ಘಟಕಗಳು ಜಿಲ್ಲಾ ಆಸ್ಪತ್ರೆಗಳ ಹಿತ್ತಿಲಲ್ಲಿ, ಜನರೇಟರ್ ಶೆಡ್ಡಿನ ಪಕ್ಕದಲ್ಲಿ, ಕಬ್ಬಿಣದ ಬೇಲಿಯೊಳಗೆ ನಿಂತವು.