ಗೂಲಾಷ್

ದನದ ಮಾಂಸ, ಈರುಳ್ಳಿ, ಹಂದಿಯ ಕೊಬ್ಬು ಮತ್ತು ಪಪ್ರಿಕ ಎಂಬ ಕೆಂಪು ಮೆಣಸಿನ ಪುಡಿ, ಇವಿಷ್ಟನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ಮಾಡುವ ಹಂಗೇರಿಯ ಅಡುಗೆ. ಮಧ್ಯ ಯುರೋಪಿನಲ್ಲಿ ಚಳಿಗಾಲ ಬಂತೆಂದರೆ ಮನೆಗಳಲ್ಲೂ ಅಗ್ಗದ ಊಟದ ಮನೆಗಳಲ್ಲೂ ಮೊದಲು ಒಲೆಗೇರುವುದು ಇದೇ. ಹಂಗೇರಿಯವರ ಉಚ್ಚಾರ ‘ಗುಯಾಶ್’. ಆ ಭಾಷೆಯಲ್ಲಿ ಗುಯಾಶ್ ಎಂದರೆ ದನಗಾಹಿ. ಅವನು ಬಯಲಲ್ಲಿ ಬೇಯಿಸಿಕೊಳ್ಳುತ್ತಿದ್ದ ಮಾಂಸಕ್ಕೆ ಕಾಲಕ್ರಮದಲ್ಲಿ ಅವನ ಹೆಸರೇ ನಿಂತಿತು. ಇಂದು ಇದನ್ನು ಹಂಗೇರಿಯ ರಾಷ್ಟ್ರೀಯ ಖಾದ್ಯ ಎನ್ನುವುದು ವಾಡಿಕೆ. ಆದರೆ ಹದಿನೆಂಟನೆಯ ಶತಮಾನದ ಕೊನೆಯವರೆಗೂ ಇದು ದನ ಕಾಯುವವರ ಮತ್ತು ರೈತರ ಊಟವಾಗಿಯೇ ಇತ್ತು. ಸಿರಿವಂತರ ಮೇಜಿಗೆ ಬಂದಿರಲಿಲ್ಲ. ಅದು ಮೇಲೇರಿದ್ದರಲ್ಲಿ ರುಚಿಗಿಂತ ರಾಜಕೀಯದ ಪಾಲೇ ದೊಡ್ಡದು.

ಹಂಗೇರಿಯ ಪೂರ್ವ ಮತ್ತು ದಕ್ಷಿಣ ಭಾಗವನ್ನು ಆವರಿಸಿರುವ ಆಲ್ಫೋಲ್ಡ್ ಎಂಬ ಬಯಲುಸೀಮೆ ಇದರ ತವರು. ಅಲ್ಲಿನ ದನಗಳು ಬೂದುಬಣ್ಣದವು, ಉದ್ದ ಕೊಂಬಿನವು, ಚಳಿಗಾಲವನ್ನೂ ಹಟ್ಟಿಯ ಹೊರಗೆ ಕಳೆಯಬಲ್ಲ ಗಟ್ಟಿ ತಳಿ. ಹದಿನಾಲ್ಕನೆಯ ಶತಮಾನದಿಂದ ಈ ದನಗಳನ್ನು ಮಂದೆಮಂದೆಯಾಗಿ ನಡೆಸಿಕೊಂಡು ವಿಯೆನ್ನಾ, ನ್ಯೂರೆಂಬರ್ಗ್, ಔಗ್ಸ್‌ಬರ್ಗ್, ವೆನಿಸ್ ಪೇಟೆಗಳಿಗೆ ಮಾರಲು ಒಯ್ಯುತ್ತಿದ್ದರು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ, ವ್ಯಾಪಾರ ಚೆನ್ನಾಗಿದ್ದ ವರ್ಷಗಳಲ್ಲಿ, ಹೀಗೆ ಹೋಗುತ್ತಿದ್ದ ದನಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿನಲ್ಲಿತ್ತು. ಜೊತೆಗೆ ನಡೆಯುವ ಕಾವಲಿನವರು ಆಯುಧ ಹಿಡಿದೇ ಇರುತ್ತಿದ್ದರು. ವಾರಗಟ್ಟಲೆ ಮನೆಯ ಮುಖ ನೋಡದ ಇವರ ಅಡುಗೆಮನೆಯೆಂದರೆ ಒಂದು ಬೊಗ್ರಾಚ್: ಬಯಲ ಬೆಂಕಿಯ ಮೇಲೆ ಕೊಕ್ಕೆಗೆ ತೂಗುಹಾಕುವ, ಹಿಡಿಕೆಯುಳ್ಳ ದುಂಡು ತಳದ ಕಡಾಯಿ.

ಬೇಯಿಸಿ ಒಣಗಿಸಿದ ಮಾಂಸವನ್ನು ಕುರಿಯ ಹೊಟ್ಟೆಯ ಚೀಲದಲ್ಲಿ ತುಂಬಿಕೊಂಡು, ಬೇಕಾದಾಗ ನೀರು ಬೆರೆಸಿ ಕುದಿಸುತ್ತಿದ್ದರು ಎಂಬ ಕಥೆ ಅಡುಗೆ ಪುಸ್ತಕಗಳಲ್ಲಿ ಪದೇ ಪದೇ ಬರುತ್ತದೆ. ಕೆಲವರು ಅದನ್ನು ಒಂಬತ್ತನೆಯ ಶತಮಾನದವರೆಗೂ ಎಳೆಯುತ್ತಾರೆ. ಆ ಮಾಂಸ ಏನೇ ಆಗಿರಲಿ, ಇಂದಿನ ಗೂಲಾಷ್ ಅಂತೂ ಅಲ್ಲ. ಪಪ್ರಿಕ ಇಲ್ಲದ ಗೂಲಾಷ್ ಇಲ್ಲ, ಮೆಣಸಿನ ಗಿಡವೋ ಅಮೆರಿಕದ್ದು; ಕೊಲಂಬಸ್‌ಗಿಂತ ಮುಂಚೆ ಅದು ಯುರೋಪಿಗೆ ಕಾಲಿಡಲು ಸಾಧ್ಯವೇ ಇರಲಿಲ್ಲ.

1541ರಲ್ಲಿ ಬುಡಾ ನಗರ ಆಟೊಮನ್ ತುರ್ಕರ ವಶವಾಗಿ, ಮುಂದಿನ ಸುಮಾರು ಒಂದೂವರೆ ಶತಮಾನ ಹಂಗೇರಿಯ ನಡುಭಾಗ ಅವರ ಆಳ್ವಿಕೆಯಲ್ಲಿತ್ತು. ಮೆಣಸಿನಕಾಯಿ ಬಂದದ್ದು ಆ ದಾರಿಯಲ್ಲಿ. ಹಂಗೇರಿಯವರು ಮೊದಮೊದಲು ಅದನ್ನು ತುರ್ಕಿ ಮೆಣಸೆಂದೇ ಕರೆದರು. ಸಿರಿವಂತರ ತೋಟದಲ್ಲಿ ಅದು ನೋಟಕ್ಕೆ ಬೆಳೆಸುವ ಗಿಡವಾಗಿತ್ತು. ಪುಡಿಮಾಡಿ ಉಂಡವರು ಬಡ ರೈತರು, ದನಗಾಹಿಗಳು. ಉಳ್ಳವರಿಗೆ ಕರಿಮೆಣಸಿತ್ತು. ಆ ಕಾಲದಲ್ಲಿ ಯುರೋಪಿನ ಕರಿಮೆಣಸಿನ ಬಹುಪಾಲು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದೂ ಅದೇ ಶತಮಾನದಲ್ಲಿ. ಕರಿಮೆಣಸನ್ನು ಕೊಳ್ಳಲಾರದವನಿಗೆ ಹಿತ್ತಿಲಲ್ಲೇ ಬೆಳೆಯುವ ಈ ಕೆಂಪು ಕಾಯಿ ಸಾಕಾಯಿತು. ಮುಂದೆ 1806ರಲ್ಲಿ ನೆಪೋಲಿಯನ್ ಬ್ರಿಟಿಷ್ ಸರಕಿಗೆ ಯುರೋಪಿನ ಬಂದರುಗಳನ್ನು ಮುಚ್ಚಿಸಿದಾಗ ಕರಿಮೆಣಸು ಇನ್ನಷ್ಟು ದುಬಾರಿಯಾಗಿ ಪಪ್ರಿಕದ ಬಳಕೆ ಹರಡಿತು.

ದನಗಾಹಿಯ ಕಡಾಯಿ ಜಮೀನುದಾರನ ಮೇಜಿಗೆ ಬರಲು ವಿಯೆನ್ನಾದಲ್ಲಿ ಕುಳಿತ ದೊರೆಯೇ ಕಾರಣನಾದ. ಆಗ ಹಂಗೇರಿಯನ್ನೂ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ದೊರೆ ಎರಡನೆಯ ಜೋಸೆಫ್ ತನ್ನ ಸಾಮ್ರಾಜ್ಯವನ್ನೆಲ್ಲ ಒಂದೇ ಅಚ್ಚಿಗೆ ತರಲು ಹೊರಟು, 1784ರಲ್ಲಿ ಜರ್ಮನ್ ಭಾಷೆಯನ್ನು ಹಂಗೇರಿಯ ಆಡಳಿತ ಭಾಷೆಯಾಗಿ ಹೇರಿದ. ಅಲ್ಲಿನ ಪವಿತ್ರ ಕಿರೀಟವನ್ನೂ ವಿಯೆನ್ನಾಕ್ಕೆ ಒಯ್ದ. ಕುಲೀನರು ಕೆರಳಿದರು. ಅಲ್ಲಿಯವರೆಗೆ ವಿಯೆನ್ನಾದ ಮಾತು, ಉಡುಗೆ, ಊಟವನ್ನೇ ಅನುಕರಿಸುತ್ತಿದ್ದವರು ಈಗ ‘ನಮ್ಮದು’ ಎನ್ನುವಂಥದ್ದನ್ನು ಹುಡುಕತೊಡಗಿದರು. ಭಾಷೆ ಸಿಕ್ಕಿತು, ಹಳೆಯ ಉಡುಪು ಸಿಕ್ಕಿತು. ಊಟದಲ್ಲಿ ಆಸ್ಟ್ರಿಯದವರ ಬಳಿ ಇಲ್ಲದ ಒಂದು ಸಿಕ್ಕಿತು, ಬಯಲಿನ ದನಗಾಹಿಯ ಕೆಂಪು ಮಾಂಸ. 1790ರಲ್ಲಿ ಜೋಸೆಫ್ ತನ್ನ ಬಹುತೇಕ ಆಜ್ಞೆಗಳನ್ನು ಹಿಂತೆಗೆದುಕೊಂಡ, ಕಿರೀಟ ಮರಳಿ ಬಂತು, ಗೂಲಾಷ್ ಮೇಜಿನ ಮೇಲೆಯೇ ಉಳಿಯಿತು. ಈ ಏರಿಕೆಯನ್ನು ದಾಖಲೆಗಳ ಮೂಲಕ ಬಿಡಿಸಿ ತೋರಿಸಿದವರು ಹಂಗೇರಿಯ ಜನಪದ ವಿದ್ವಾಂಸೆ ಎಸ್ತೆರ್ ಕಿಶ್‌ಬಾನ್. ಯಾರ ಊಟವನ್ನು ದೇಶದ ಗುರುತಾಗಿ ಎತ್ತಿ ಹಿಡಿದರೋ ಆ ದನಗಾಹಿಯ ಬದುಕಿಗೆ ಅದರಿಂದ ಏನೂ ಸಿಗಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 1846ರಲ್ಲಿ ಟಿಸ್ಸಾ ನದಿಗೆ ಒಡ್ಡು ಕಟ್ಟುವ ಕೆಲಸ ಶುರುವಾಗಿ, ಜೌಗು ಬತ್ತಿ, ಹುಲ್ಲುಗಾವಲು ಗದ್ದೆಯಾಗುತ್ತ ಹೋಯಿತು. ಮಂದೆಗಳು ಕರಗಿದವು. 1960ರ ದಶಕದ ಹೊತ್ತಿಗೆ ಆ ಬೂದುಬಣ್ಣದ ತಳಿಯ ಕೆಲವೇ ನೂರು ದನಗಳು ಉಳಿದಿದ್ದವು. ಈಗ ಹೋರ್ತೊಬಾಜ್ ರಾಷ್ಟ್ರೀಯ ಉದ್ಯಾನದಲ್ಲಿ ಅವನ್ನು ಕಾಪಾಡಿ ಬೆಳೆಸುತ್ತಿದ್ದಾರೆ.

ಹಳೆಯ ಪಪ್ರಿಕ ಸಾಕಷ್ಟು ಖಾರವಾಗಿತ್ತು. ಕಾಯಿಯನ್ನು ಸೀಳಿ, ಖಾರ ಅಡಗಿರುವ ಒಳಗಿನ ಬಿಳಿ ನಾರನ್ನೂ ಬೀಜವನ್ನೂ ತೆಗೆಯುವುದು ಕೈಯಿಂದಲೇ ಆಗಬೇಕಾದ, ಬೆರಳು ಉರಿಯುವ ಕೆಲಸ. 1859ರಲ್ಲಿ ಸೆಗೆಡ್ ಪಟ್ಟಣದ ಪಾಲ್ಫಿ ಸೋದರರು ಇದಕ್ಕೊಂದು ಯಂತ್ರ ಮಾಡಿದ ಮೇಲೆ ಸಿಹಿ ಪಪ್ರಿಕ ಹೇರಳವಾಗಿ ಸಿಗತೊಡಗಿತು. ಇಪ್ಪತ್ತನೆಯ ಶತಮಾನದಲ್ಲಿ ಖಾರವಿಲ್ಲದ ತಳಿಗಳೇ ಬಂದವು. ಖಾರ ತಾಳದ ಫ್ರೆಂಚರೂ ಜರ್ಮನರೂ ಗೂಲಾಷಿಗೆ ಒಲಿಯಲು ಇದು ಹಾದಿಮಾಡಿತು. ಅದೇ ಗಿಡ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದು ನಮ್ಮಲ್ಲಿ ಖಾರದ ಕಡೆಗೇ ಬೆಳೆಯಿತು. ಬ್ಯಾಡಗಿ ಮೆಣಸಿನಕಾಯಿ ಮಾತ್ರ ಹಂಗೇರಿಯ ಹಾದಿಯದು: ಖಾರ ಕಡಿಮೆ, ಬಣ್ಣ ಗಾಢ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಈ ಕಾಯಿಯಿಂದ ತೆಗೆದ ಕೆಂಪು ಸಾರಸತ್ವ ಆಹಾರಕ್ಕೂ ಸೌಂದರ್ಯ ಸಾಮಗ್ರಿಗೂ ಬಣ್ಣ ಕೊಡುತ್ತದೆ.

ಮಾಡುವ ಕ್ರಮ ಸರಳ, ಕೆಡಿಸುವುದು ಅದಕ್ಕಿಂತ ಸುಲಭ. ಮಾಂಸ ಹಿಂಗಾಲಿನ ಮೀನಖಂಡದ್ದೋ ಹೆಗಲಿನದ್ದೋ ಆಗಬೇಕು. ಹೆಚ್ಚು ದುಡಿದ, ನಾರು ತುಂಬಿದ, ಕಟುಕನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಭಾಗ. ಹಂದಿಯ ಕೊಬ್ಬು ಕರಗಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಕಂದದಂತೆ ನಿಧಾನಕ್ಕೆ ಬಾಡಿಸುತ್ತಾರೆ. ಇನ್ನು ಪಪ್ರಿಕದ ಸರದಿ. ಇಲ್ಲಿ ಬಲ್ಲವರು ಕಡಾಯಿಯನ್ನು ಉರಿಯಿಂದ ಕೆಳಗಿಳಿಸುತ್ತಾರೆ. ಪುಡಿಯಲ್ಲಿ ಸಕ್ಕರೆಯ ಅಂಶ ಹೆಚ್ಚು. ಕಾದ ಕೊಬ್ಬಿಗೆ ಉರಿಯ ಮೇಲೆಯೇ ಸುರಿದರೆ ಕ್ಷಣದಲ್ಲಿ ಸೀದು, ಕಂದಾಗಿ, ಕಹಿಯಾಗುತ್ತದೆ, ಮತ್ತೆ ಏನು ಮಾಡಿದರೂ ಸರಿಹೋಗದು. ಕೆಳಗಿಳಿಸಿ ಕದಡಿದರೆ ಬಣ್ಣ ಕೊಬ್ಬಿಗಿಳಿದು ಇಡೀ ಕಡಾಯಿ ಕೆಂಪೇರುತ್ತದೆ. ಕೂಡಲೇ ಮಾಂಸ ಹಾಕಿ, ಅದು ಬಿಟ್ಟ ರಸದಲ್ಲೇ ಬೇಯಲು ಬಿಟ್ಟು, ಆರಿದಂತೆಲ್ಲ ತುಸುತುಸು ನೀರು ಸೇರಿಸುತ್ತಾರೆ. ಎರಡು ಮೂರು ಗಂಟೆಯಲ್ಲಿ ನಾರು ಕರಗಿ ರಸ ತುಟಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ. ಮೈದಾ ಕಲಸಿ ಗಟ್ಟಿ ಮಾಡುವುದನ್ನು ಹಂಗೇರಿಯವರು ಕೀಳಾಗಿ ಕಾಣುತ್ತಾರೆ, ಅದು ಸರಿಯೂ ಹೌದು.

ಇಲ್ಲಿಗೆ ನಿಲ್ಲಿಸಿದರೆ ಅದು ಪೊರ್ಕೊಲ್ಟ್, ನಮ್ಮ ಕರಾವಳಿಯ ಗಸಿಯ ಹದ. ಇನ್ನಷ್ಟು ನೀರು ಹೊಯ್ದು, ಕ್ಯಾರವೇ ಬೀಜ, ಆಲೂಗಡ್ಡೆ ಹಾಕಿ ತೆಳ್ಳಗೆ ಕುದಿಸಿದರೆ ಗುಯಾಶ್. ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಬೆರಳ ತುದಿಯಲ್ಲಿ ಚಿವುಟಿ ಅದರೊಳಗೆ ಉದುರಿಸುವುದೂ ಉಂಟು. ಆ ಚೂರುಗಳಿಗೆ ಚಿಪೆಟ್ಕೆ ಎಂದು ಹೆಸರು. ಕೋಳಿ ಅಥವಾ ಕರುವಿನ ಮಾಂಸಕ್ಕೆ ಹುಳಿ ಕೆನೆ ಬೆರೆಸಿದರೆ ಪಪ್ರಿಕಾಶ್.

ಗಡಿ ದಾಟಿದ ಮೇಲೆ ಈ ಭೇದಗಳೆಲ್ಲ ಅಳಿಸಿಹೋದವು. ವಿಯೆನ್ನಾದವರು ಮಾಂಸದಷ್ಟೇ ತೂಕದ ಈರುಳ್ಳಿ ಹಾಕಿ, ಅದು ಕರಗಿ ಗಟ್ಟಿಯಾಗುವಂತೆ ಬೇಯಿಸುತ್ತಾರೆ. ಮರುದಿನ ಬಿಸಿಮಾಡಿದ್ದೇ ಹೆಚ್ಚು ರುಚಿ ಎನ್ನುತ್ತಾರೆ. ಮೇಲೆ ಕರಿದ ಮೊಟ್ಟೆ, ಸಾಸೇಜು, ಉಪ್ಪಿನ ಸೌತೆ ಇಟ್ಟರೆ ಅದು ಸಾರೋಟಿನವರ ಗೂಲಾಷ್. ಚೆಕ್ಕರು ಹಿಟ್ಟಿನ ಕಡುಬಿನೊಂದಿಗೆ ಉಣ್ಣುತ್ತಾರೆ. ಜರ್ಮನ್ ಸೈನಿಕರು ಚಿಮಣಿ ಎತ್ತಿಕೊಂಡು ಗಾಲಿಯ ಮೇಲೆ ಬರುವ ಅಡುಗೆ ಒಲೆಗೆ ‘ಗೂಲಾಷ್ ಫಿರಂಗಿ’ ಎಂದು ಹೆಸರಿಟ್ಟರು. ಅಮೆರಿಕದಲ್ಲಿ ಕೊಚ್ಚಿದ ಮಾಂಸ, ಟೊಮೆಟೊ, ಮ್ಯಾಕರೋನಿ ಸೇರಿಸಿ ಬೇಯಿಸಿದ್ದಕ್ಕೂ ಗೂಲಾಷ್ ಎನ್ನುತ್ತಾರೆ. ಹೊಟ್ಟೆ ತುಂಬಿಸುವ ಅಡುಗೆ ಹೌದು, ಹೆಸರಿನ ಹೊರತು ನಂಟು ಕಡಿಮೆ.

ಗೂಲಾಷಿನ ಪಪ್ರಿಕ ಅಡುಗೆಮನೆಯಲ್ಲಷ್ಟೇ ಉಳಿಯಲಿಲ್ಲ. ಸೆಗೆಡ್ ವಿಶ್ವವಿದ್ಯಾಲಯದ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1930ರ ದಶಕದ ಆರಂಭದಲ್ಲಿ ಸಿ ಜೀವಸತ್ವವನ್ನು ದೊಡ್ಡ ಪ್ರಮಾಣದಲ್ಲಿ ಬೇರ್ಪಡಿಸಿದ್ದು ಹಸಿ ಪಪ್ರಿಕ ಕಾಯಿಯಿಂದ. ರಾತ್ರಿ ಊಟಕ್ಕೆ ಹೆಂಡತಿ ಬಡಿಸಿದ ಕಾಯಿ ತಿನ್ನಲು ಮನಸ್ಸಾಗದೆ ಅದನ್ನು ಪ್ರಯೋಗಾಲಯಕ್ಕೆ ಒಯ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. 1937ರಲ್ಲಿ ಅವರಿಗೆ ನೊಬೆಲ್ ಬಂತು.

ಗೂಲಾಷ್ ಮತ್ತೆ ರಾಜಕೀಯಕ್ಕೂ ಬಂತು. ಹಂಗೇರಿಯಲ್ಲಿ ಕಮ್ಯುನಿಸ್ಟ್ ಆಡಳಿತದ ವಿರುದ್ಧ 1956ರಲ್ಲಿ ಎದ್ದ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ತುಳಿದ ಮೇಲೆ ಅಧಿಕಾರಕ್ಕೆ ಬಂದ ಯಾನೊಶ್ ಕಾದಾರ್, ಜನ ಸುಮ್ಮನಿರಬೇಕಾದರೆ ಅವರ ಹೊಟ್ಟೆ ತುಂಬಿರಬೇಕು ಎಂಬುದನ್ನು ಬೇಗ ಅರಿತ. 1968ರ ಆರ್ಥಿಕ ಸುಧಾರಣೆಯಿಂದ ಅಂಗಡಿಗಳಲ್ಲಿ ಸರಕು ತುಂಬಿ, ನೆರೆಯ ಸಮಾಜವಾದಿ ದೇಶಗಳವರು ಕರುಬುವಂತಾಯಿತು. ಹೊರಗಿನವರು ಆ ಆಡಳಿತವನ್ನು ‘ಗೂಲಾಷ್ ಕಮ್ಯುನಿಸಂ’ ಎಂದರು. ದೊರೆಯನ್ನು ಎದುರಿಸಲು ಮೇಜಿಗೆ ಬಂದ ಊಟ, ಆಳುವವರಿಗೆ ಜನರನ್ನು ಸಮಾಧಾನಪಡಿಸುವ ಉಪಾಯವೂ ಆಯಿತು.

ಹಂಗೇರಿಗೆ ಹೋಗುವ ಓದುಗರಿಗೆ ಒಂದು ಮಾತು: ಬುಡಾಪೆಸ್ಟಿನ ಹೋಟೆಲಿನಲ್ಲಿ ಗೂಲಾಷ್ ಕೇಳಿದರೆ ತೆಳ್ಳನೆಯ ಸಾರು ಬಟ್ಟಲಲ್ಲಿ ಬರುತ್ತದೆ. ಬೇರೆ ದೇಶಗಳಲ್ಲಿ ಗೂಲಾಷ್ ಎಂದು ಉಂಡ ಗಟ್ಟಿ ಗಸಿಯೇ ಬೇಕಿದ್ದರೆ ಪೊರ್ಕೊಲ್ಟ್ ಎಂದು ಕೇಳಬೇಕು.